ಜನಪದ ಸಂಗೀತಕ್ಕೆ ಹಾಲ್ ಆಫ್ ಫೇಮ್ ಬೇಕಾ? ಪದೇ ಪದೇ ಕೇಳುವ ಪ್ರಶ್ನೆಗಳು

ಜನಪದ ಸಂಗೀತ ಇಷ್ಟಪಡುವವರು ನಾಲ್ಕು ಜನ ಸೇರಿದರೆ ಈ ಜಗಳ ಒಮ್ಮೆಯಾದರೂ ಏಳುತ್ತದೆ. ರಾಕ್‌ಗೆ ಇದೆ, ಕಂಟ್ರಿಗೆ ಇದೆ, ಬ್ಲೂಸ್‌ಗೆ ಇದೆ, ಜನಪದಕ್ಕೆ ಯಾಕೆ ಬೇಡ ಅಂತ ಒಬ್ಬರು. ಹಾಗೆ ಮಾಡಿದರೆ ಅದು ಜನಪದವಾಗಿ ಉಳಿಯುತ್ತಾ ಅಂತ ಇನ್ನೊಬ್ಬರು. ಮಾತಿನಲ್ಲಿ, ಪತ್ರಗಳಲ್ಲಿ ಮತ್ತೆ ಮತ್ತೆ ಬಂದ ಪ್ರಶ್ನೆಗಳನ್ನು ಕೇಳಿದವರ ಮಾತಿನಲ್ಲೇ ಇಲ್ಲಿ ಇಟ್ಟಿದ್ದೇನೆ. ಸುಲಭದವು ಮೊದಲು, ತಲೆ ತಿನ್ನುವವು ಕೊನೆಗೆ.

## ಮೊದಮೊದಲ ಪ್ರಶ್ನೆಗಳು

ಹಾಲ್ ಆಫ್ ಫೇಮ್ ಅಂದ್ರೆ ಏನು? ಮ್ಯೂಸಿಯಮ್ಮಾ, ಪ್ರಶಸ್ತಿಯಾ?

ಎರಡೂ ಸ್ವಲ್ಪ ಸ್ವಲ್ಪ. ಮೊದಲು ಒಂದು ಪಟ್ಟಿ ಇರುತ್ತದೆ. ಯಾರೋ ಕೆಲವರು ಕೂತು ಪ್ರತಿ ವರ್ಷ ಅದಕ್ಕೆ ಹೆಸರು ಸೇರಿಸುತ್ತಾರೆ. ಆಮೇಲೆ ಒಂದು ಸಮಾರಂಭ, ಒಂದು ಫಲಕ. ಹಣ ಕೂಡಿದರೆ ಕಟ್ಟಡ.

ಅಮೆರಿಕದಲ್ಲಿ ಇದು ಶುರುವಾದದ್ದು ಸಂಗೀತಕ್ಕಾಗಿ ಅಲ್ಲ. 1900ರಲ್ಲಿ ನ್ಯೂಯಾರ್ಕ್‌ನ ಬ್ರಾಂಕ್ಸ್‌ನಲ್ಲಿ 'ಮಹಾನ್ ಅಮೆರಿಕನ್ನರ ಹಾಲ್ ಆಫ್ ಫೇಮ್' ಹುಟ್ಟಿತು. ಕಂಬಗಳ ಸಾಲು, ನಡುವೆ ಕಂಚಿನ ಮುಖಗಳು. ಬೇಸ್‌ಬಾಲ್ 1936ರಲ್ಲಿ ಅದೇ ದಾರಿ ಹಿಡಿಯಿತು, ಕಂಟ್ರಿ ಸಂಗೀತ 1961ರಲ್ಲಿ. ಬ್ಲೂಸ್ 1980ರಲ್ಲಿ ತನ್ನ ಪಟ್ಟಿ ಶುರು ಮಾಡಿತು. ರಾಕ್‌ನವರು 1986ರಲ್ಲಿ ಮೊದಲ ಹೆಸರುಗಳನ್ನು ಸೇರಿಸಿದರು. ಕ್ಲೀವ್‌ಲ್ಯಾಂಡ್‌ನಲ್ಲಿ ಅವರ ಕಟ್ಟಡ ಬಾಗಿಲು ತೆರೆದದ್ದು 1995ರಲ್ಲಿ. ಅಂದರೆ ಪಟ್ಟಿ ಮೊದಲು, ಗೋಡೆ ಆಮೇಲೆ. ಈ ಪುಟದಲ್ಲಿ ನಾವು ಜಗಳ ಆಡುವುದೂ ಪಟ್ಟಿಯ ಬಗ್ಗೆಯೇ.

ಜನಪದಕ್ಕೆ ಅಂತಲೇ ಈಗಾಗಲೇ ಇಲ್ವಾ?

ಇವೆ, ಒಂದಲ್ಲ ಹಲವು. ಸ್ಕಾಟ್ಲೆಂಡ್‌ನಲ್ಲಿ 2005ರಿಂದ ಸಾಂಪ್ರದಾಯಿಕ ಸಂಗೀತದ ಹಾಲ್ ಆಫ್ ಫೇಮ್ ಇದೆ. ಅಮೆರಿಕದ ಹಳ್ಳಿ ಸಂಗೀತದ ಒಂದು ಬಗೆಯಾದ ಬ್ಲೂಗ್ರಾಸ್‌ನವರು 1991ರಲ್ಲಿ ಶುರು ಮಾಡಿದರು. ಬಿಬಿಸಿ ರೇಡಿಯೋ 2 ತನ್ನ ಜನಪದ ಪ್ರಶಸ್ತಿಗಳ ಜೊತೆಗೆ 2014ರಲ್ಲಿ ಒಂದು ಹಾಲ್ ಆಫ್ ಫೇಮ್ ಸೇರಿಸಿತು. ಬಾಸ್ಟನ್‌ನಲ್ಲಿ ಒಂದು ಹಳೆಯ ರಂಗಮಂದಿರದೊಳಗೆ 'ಫೋಕ್ ಅಮೆರಿಕಾನಾ ರೂಟ್ಸ್ ಹಾಲ್ ಆಫ್ ಫೇಮ್' ಇದೆ. ಅದು ಮೊದಲ ಹೆಸರುಗಳನ್ನು ಸೇರಿಸಿದ್ದು 2024ರಲ್ಲಿ.

ಹಾಗಾಗಿ 'ಇರಬೇಕಾ' ಅನ್ನುವ ಕಾಲ ಮುಗಿದಿದೆ. ಇರುವವು ಏನು ಮಾಡಬೇಕು ಅನ್ನುವುದೇ ಈಗಿನ ಪ್ರಶ್ನೆ.

ಒಳ್ಳೆ ಹಾಡುಗಾರರನ್ನು ಗೌರವಿಸೋದರಲ್ಲಿ ತಪ್ಪೇನು? ಸುಮ್ನೆ ಯಾಕೆ ತಕರಾರು?

ಗೌರವಕ್ಕೆ ಯಾರೂ ತಕರಾರು ಮಾಡುವುದಿಲ್ಲ. ತಕರಾರು ಇರುವುದು ಬಾಗಿಲಿಗೆ. ಹಾಲ್ ಅಂದಮೇಲೆ ಒಳಗಿನವರು, ಹೊರಗಿನವರು ಅಂತ ಆಗಲೇಬೇಕು. ಹತ್ತು ಜನ ಒಳಗೆ ಹೋದರೆ ಹನ್ನೊಂದನೆಯವರು ಹೊರಗೆ.

ಪಾಪ್ ಸಂಗೀತದಲ್ಲಿ ಇದರಿಂದ ದೊಡ್ಡ ತೊಂದರೆ ಇಲ್ಲ. ಅಲ್ಲಿ ಒಬ್ಬರ ಹೆಸರಲ್ಲಿ ಒಂದು ಹಾಡು, ಒಂದು ರೆಕಾರ್ಡು, ಒಂದು ಮಾರಾಟದ ಲೆಕ್ಕ ಇರುತ್ತದೆ. ಜನಪದದಲ್ಲಿ ಹತ್ತನೆಯವರು ಹಾಡಿದ್ದನ್ನು ಅವರಿಗೆ ಕಲಿಸಿದವರೇ ಹನ್ನೊಂದನೆಯವರು ಆಗಿರಬಹುದು. ಅವರನ್ನು ಹೊರಗೆ ನಿಲ್ಲಿಸಿ ಇವರಿಗೆ ಹಾರ ಹಾಕಿದರೆ ಹೇಗೆ?

ಸುತ್ತಿ ಬಳಸಿ ಬೇಡ. ನಿಮ್ಮ ಪ್ರಕಾರ ಬೇಕಾ, ಬೇಡ್ವಾ?

ಹೆಸರು ಬರೆದಿಡುವ ಜಾಗ ಬೇಕು. ಹೆಸರುಗಳನ್ನು ತೂಗಿ ಮೇಲು ಕೆಳಗು ಮಾಡುವ ಜಾಗ ಬೇಡ. ಈಗಿರುವ ಬಹುಪಾಲು ಹಾಲ್‌ಗಳು ಎರಡನೆಯದನ್ನು ಚೆನ್ನಾಗಿ ಮಾಡುತ್ತವೆ, ಮೊದಲನೆಯದನ್ನು ಅರೆಬರೆ ಮಾಡುತ್ತವೆ. ಅದಕ್ಕೇ ನನಗೆ ಅವುಗಳ ಮೇಲೆ ಅನುಮಾನ.

## ಯಾರು ಒಳಗೆ, ಯಾರು ಹೊರಗೆ

ಜನಪದ ಹಾಡಿಗೆ ಬರೆದವರೇ ಇಲ್ಲ ಅಂತಾರಲ್ಲ, ಮತ್ತೆ ಯಾರನ್ನು ಸೇರಿಸೋದು?

ಇದು ಎಲ್ಲರೂ ಕೇಳುವ ಪ್ರಶ್ನೆ. ಉತ್ತರ ಸ್ವಲ್ಪ ಉದ್ದ ಇದೆ.

1954ರಲ್ಲಿ ಅಂತರರಾಷ್ಟ್ರೀಯ ಜನಪದ ಸಂಗೀತ ಮಂಡಳಿ ಜನಪದ ಸಂಗೀತಕ್ಕೆ ಮೂರು ಗುಣ ಗುರುತಿಸಿತು. ಹಿಂದಿನಿಂದ ಹರಿದು ಬಂದಿರಬೇಕು. ಹಾಡುವವರ ಬಾಯಲ್ಲಿ ಬದಲಾಗುತ್ತಿರಬೇಕು. ಯಾವುದು ಉಳಿಯಬೇಕು ಅಂತ ಸಮುದಾಯವೇ ಆರಿಸಿರಬೇಕು. 'ಬಾರ್ಬರಾ ಆಲೆನ್' ಹಾಡನ್ನೇ ನೋಡಿ. ಸ್ಯಾಮ್ಯುಯೆಲ್ ಪೀಪ್ಸ್ ಅನ್ನುವ ಅಧಿಕಾರಿ ಅದನ್ನು ಇಂಗ್ಲೆಂಡಿನಲ್ಲಿ ಕೇಳಿ ಖುಷಿಪಟ್ಟದ್ದನ್ನು 1666ರ ಜನವರಿ 2ರ ದಿನಚರಿಯಲ್ಲಿ ಬರೆದಿದ್ದಾನೆ. ಅಲ್ಲಿಂದ ಅದು ಸಮುದ್ರ ದಾಟಿ ಅಮೆರಿಕದ ಅಪಲೇಶಿಯನ್ ಬೆಟ್ಟಗಳಿಗೆ ಹೋಯಿತು. ಊರಿಗೊಂದು ಧಾಟಿ, ಬಾಯಿಗೊಂದು ಸಾಲು. ಇದನ್ನು ಕಟ್ಟಿದ್ದು ಯಾರು? ಹಾಡಿದವರೆಲ್ಲ ಸ್ವಲ್ಪ ಸ್ವಲ್ಪ ಕಟ್ಟಿದರು. ಇವರಲ್ಲಿ ಒಬ್ಬರನ್ನು ಆರಿಸಿ ಫಲಕ ಹಾಕಲು ಆಗುವುದಿಲ್ಲ.

ಇಲ್ಲಿಗೇ ನಿಲ್ಲಿಸಿದರೆ 'ಹಾಲ್ ಬೇಡ' ಅನ್ನುವವರು ಗೆದ್ದರು. ಆದರೆ ಇನ್ನೊಂದು ಕಥೆ ಇದೆ. 1939ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಸಾಲೊಮನ್ ಲಿಂಡಾ ತನ್ನ ತಂಡದ ಜೊತೆ 'ಎಂಬೂಬೆ' ಅನ್ನುವ ತನ್ನದೇ ಹಾಡನ್ನು ರೆಕಾರ್ಡ್ ಮಾಡಿದ. ಅವನಿಗೆ ಸಿಕ್ಕಿದ್ದು ಹತ್ತು ಶಿಲಿಂಗ್. ಹಾಡು ಅಮೆರಿಕಕ್ಕೆ ಹೋಯಿತು. ಅಲ್ಲಿ ಅದನ್ನು ಆಫ್ರಿಕಾದ ಹಳೆಯ ಜನಪದ ಹಾಡು ಅಂದುಕೊಂಡರು. ಜನಪದ ಅಂದಮೇಲೆ ಯಾರಿಗೂ ಕೇಳಬೇಕಿಲ್ಲ, ಯಾರಿಗೂ ಕೊಡಬೇಕಿಲ್ಲ, ಅಲ್ವಾ? ಹಾಡು ಜಗತ್ತನ್ನೆಲ್ಲ ಸುತ್ತಿತು. ಲಿಂಡಾ 1962ರಲ್ಲಿ ಬಡತನದಲ್ಲೇ ತೀರಿಕೊಂಡ. ಅವನ ಹೆಣ್ಣುಮಕ್ಕಳಿಗೆ ಕೋರ್ಟಿನ ದಾರಿಯಲ್ಲಿ ರಾಜಿ ಆಗಿದ್ದು 2006ರಲ್ಲಿ.

'ಬರೆದವರಿಲ್ಲ' ಅನ್ನುವುದು ಎಷ್ಟೋ ಸಲ ನಿಜ. ಕೆಲವು ಸಲ ಅದು ಯಾರಿಗೋ ಅನುಕೂಲವಾದ ಮಾತು. ಅದಕ್ಕೇ ಗೊತ್ತಿರುವ ಹೆಸರನ್ನೆಲ್ಲ ಬರೆದಿಡಬೇಕು ಅನ್ನುವುದು.

ಹಾಡಿದವರಿಗೆ ಜಾಗ ಕೊಡಬೇಕಾ, ಊರೂರು ತಿರುಗಿ ಹಾಡು ಸಂಗ್ರಹಿಸಿದವರಿಗಾ?

ಇಬ್ಬರಿಗೂ. ಆದರೆ ಒಟ್ಟಿಗೆ. ಒಬ್ಬರ ಫಲಕದಲ್ಲಿ ಇನ್ನೊಬ್ಬರ ಹೆಸರಿಲ್ಲದಿದ್ದರೆ ಆ ಫಲಕ ಅರ್ಧ.

1903ರಲ್ಲಿ ಇಂಗ್ಲೆಂಡಿನ ಸಾಮರ್ಸೆಟ್‌ನ ಹ್ಯಾಂಬ್ರಿಜ್ ಹಳ್ಳಿಯಲ್ಲಿ ತೋಟದ ಕೆಲಸದವನೊಬ್ಬ ಹಾಡುತ್ತಿದ್ದ. ಅಲ್ಲಿಗೆ ಬಂದಿದ್ದ ಸೆಸಿಲ್ ಶಾರ್ಪ್ ಅದನ್ನು ಕೇಳಿ ಬರೆದುಕೊಂಡರು. ಇಂಗ್ಲಿಷ್ ಜನಪದ ಸಂಗೀತದ ದೊಡ್ಡ ಸಂಗ್ರಹ ಶುರುವಾಗಿದ್ದು ಆ ಹಾಡಿನಿಂದ. 2014ರಲ್ಲಿ ಬಿಬಿಸಿ ಜನಪದ ಹಾಲ್ ಆಫ್ ಫೇಮ್‌ಗೆ ಮೊದಲು ಹೋದ ಹೆಸರು ಸೆಸಿಲ್ ಶಾರ್ಪ್ ಅವರದು. ಸರಿಯೇ, ಅವರ ಕೆಲಸ ದೊಡ್ಡದು. ತೋಟದವನ ಹೆಸರು ಜಾನ್ ಇಂಗ್ಲೆಂಡ್. ಆ ಹೆಸರು ನಿಮಗೆ ಮೊದಲೇ ಗೊತ್ತಿತ್ತಾ?

ಮುಂದೆ 1916ರಿಂದ 1918ರವರೆಗೆ ಶಾರ್ಪ್ ಮತ್ತು ಅವರ ಸಹಾಯಕಿ ಮಾಡ್ ಕಾರ್ಪೆಲೆಸ್ ಅಪಲೇಶಿಯನ್ ಬೆಟ್ಟಗಳಲ್ಲಿ ಸುತ್ತಿದರು. ಉತ್ತರ ಕೆರೊಲಿನಾದ ಹಾಟ್ ಸ್ಪ್ರಿಂಗ್ಸ್‌ನಲ್ಲಿ ಜೇನ್ ಹಿಕ್ಸ್ ಜೆಂಟ್ರಿ ಅನ್ನುವ ಹೆಂಗಸು ಒಬ್ಬಳೇ ಅವರಿಗೆ ಅರವತ್ತಕ್ಕೂ ಜಾಸ್ತಿ ಹಾಡು ಹೇಳಿದಳು. ಒಂದೇ ತಲೆಯಲ್ಲಿ ಅಷ್ಟು! ಸಂಗ್ರಹಕಾರರು ಅದನ್ನು ಕಾಗದಕ್ಕೆ ಇಳಿಸಿದರು, ಅವಳು ಅಲ್ಲಿಯವರೆಗೆ ನೆನಪಿನಲ್ಲಿ ಕಾಪಾಡಿದ್ದಳು.

ಸ್ಕಾಟ್ಲೆಂಡಿನವರು ಈ ವಿಷಯದಲ್ಲಿ ಜಾಣರು. 1953ರಲ್ಲಿ ಸಂಗ್ರಹಕಾರ ಹೇಮಿಶ್ ಹೆಂಡರ್ಸನ್ ಆಬರ್ಡೀನ್‌ನಲ್ಲಿ ಜೀನಿ ರಾಬರ್ಟ್‌ಸನ್ ಅವರನ್ನು ಹುಡುಕಿಕೊಂಡು ಹೋದರು. ಅವರು ಅಲೆಮಾರಿ ಟ್ರಾವೆಲರ್ ಸಮುದಾಯದವರು. ಹಳೆಯ ಲಾವಣಿಗಳ ದೊಡ್ಡ ಭಂಡಾರವೇ ಅವರ ಬಾಯಲ್ಲಿತ್ತು. ಇವತ್ತು ಅಲ್ಲಿ ಒಬ್ಬರ ಕಥೆ ಹೇಳಲು ಹೊರಟರೆ ಇನ್ನೊಬ್ಬರು ಬಂದೇ ಬರುತ್ತಾರೆ. ಹಾಗೇ ಇರಬೇಕು.

ರಾಕ್‌ನವರ ಹಾಲ್‌ನಲ್ಲೇ ಜನಪದದವರು ಇದ್ದಾರಲ್ಲ. ಸಾಲದಾ?

ಇದ್ದಾರೆ. 1988ರಲ್ಲೇ ವುಡಿ ಗತ್ರಿ, ಲೆಡ್ ಬೆಲ್ಲಿ ಸೇರಿದರು. 1996ರಲ್ಲಿ ಪೀಟ್ ಸೀಗರ್. ಆದರೆ ಮೂವರೂ ಹೋಗಿದ್ದು 'ಆರಂಭದ ಪ್ರಭಾವ' ಅನ್ನುವ ಬಾಗಿಲಿನಿಂದ. ಅಂದರೆ ಇವರ ಬೆಲೆ ಇವರಿಂದ ಮುಂದೆ ಯಾವ ರಾಕ್ ಹುಟ್ಟಿತು ಅನ್ನುವುದರ ಮೇಲೆ ನಿಂತಿದೆ.

ಎಲಿಜಬೆತ್ ಕಾಟನ್ ಕಥೆ ಕೇಳಿ. ಉತ್ತರ ಕೆರೊಲಿನಾದ ಕಪ್ಪು ಹುಡುಗಿ. ಎಡಗೈ. ಬಲಗೈಯವರ ಗಿಟಾರನ್ನೇ ತಿರುಗಿಸಿ ಹಿಡಿದು ನುಡಿಸಲು ಕಲಿತಳು. ಹುಡುಗಿಯಾಗಿದ್ದಾಗಲೇ 'ಫ್ರೈಟ್ ಟ್ರೇನ್' ಹಾಡು ಕಟ್ಟಿದಳು. ಆಮೇಲೆ ಮದುವೆ, ಸಂಸಾರ, ಮನೆಗೆಲಸ. ಎಷ್ಟೋ ವರ್ಷ ಗಿಟಾರ್ ಮುಟ್ಟಲಿಲ್ಲ. ಕೆಲಸಕ್ಕೆ ಸೇರಿದ ಮನೆ ಸೀಗರ್ ಕುಟುಂಬದ್ದು. ಗೋಡೆಯ ಮೇಲೆ ಗಿಟಾರ್ ಇತ್ತು. ಆ ಮನೆಯ ಮಗಳು ಪೆಗಿ ಆ ಹಾಡನ್ನು ಇಂಗ್ಲೆಂಡಿಗೆ ಒಯ್ದಳು. ಅಲ್ಲಿ ಅದು ಬೇರೆಯವರ ಹೆಸರಿಗೆ ನೋಂದಣಿಯಾಗಿ 1957ರಲ್ಲಿ ಹಿಟ್ ಆಯಿತು. ಹಕ್ಕು ವಾಪಸ್ ಪಡೆಯಲು ಆಮೇಲೆ ಹೋರಾಡಬೇಕಾಯಿತು. ಆಕೆಯ ಮೊದಲ ಆಲ್ಬಂ ಬಂದದ್ದು 1958ರಲ್ಲಿ, ಅರವತ್ತು ದಾಟಿದ ಮೇಲೆ. 1987ರಲ್ಲಿ ತೀರಿಕೊಂಡರು. ರಾಕ್ ಹಾಲ್ ಅವರನ್ನು ಸೇರಿಸಿದ್ದು 2022ರಲ್ಲಿ.

ಮೂವತ್ತೈದು ವರ್ಷ ತಡ. ಅದೂ 'ಪ್ರಭಾವ' ಅನ್ನುವ ಲೆಕ್ಕದಲ್ಲಿ. ಸಾಲದು ಅಂತ ನಾನು ಹೇಳುವುದು ಇದಕ್ಕೇ.

ಗಿಟಾರ್ ಹಿಡಿದು ಸ್ವಂತ ಹಾಡು ಬರೆಯೋರನ್ನೂ ಜನಪದ ಅಂತಾರಲ್ಲ. ಅವರೂ ಸೇರಬೇಕಾ?

ಸೇರಲಿ, ಆದರೆ ಬೇರೆ ಕೋಣೆಯಲ್ಲಿ. 1950, 60ರ ದಶಕದ ಜನಪದ ಅಲೆಯಲ್ಲಿ ಬಂದ ಬರಹಗಾರ ಗಾಯಕರಿಗೆ ರೆಕಾರ್ಡ್ ಇದೆ, ಅಭಿಮಾನಿಗಳಿದ್ದಾರೆ, ಪ್ರಶಸ್ತಿಗಳಿವೆ. ಹಳ್ಳಿಯ ಹಾಡುಗಾರರನ್ನೂ ಇವರನ್ನೂ ಒಂದೇ ಪಟ್ಟಿಯಲ್ಲಿ ಹಾಕಿದರೆ ಮತ ಹಾಕುವವರಿಗೆ ಮೊದಲು ನೆನಪಾಗುವುದು ಇವರೇ.

## ಜೀವಂತ ಇದ್ದಾಗ, ಇಲ್ಲದಾಗ

ಸತ್ತ ಮೇಲೆ ಫಲಕ ಹಾಕಿ ಏನು ಪ್ರಯೋಜನ?

ಸತ್ತವರಿಗಂತೂ ಏನೂ ಇಲ್ಲ. ಅದಕ್ಕೇ ನನಗೆ ಹಾಲ್‌ಗಳಿಗಿಂತ ಫೆಲೋಶಿಪ್‌ಗಳು ಮೆಚ್ಚಿಗೆ.

ಜಪಾನ್ 1950ರಲ್ಲಿ ಸಾಂಸ್ಕೃತಿಕ ಆಸ್ತಿಗಳ ರಕ್ಷಣೆಗೆ ಒಂದು ಕಾನೂನು ಮಾಡಿತು. ಕಟ್ಟಡ, ಚಿತ್ರಗಳ ಜೊತೆಗೆ ಮನುಷ್ಯರ ಕೈಯಲ್ಲಿ, ಗಂಟಲಲ್ಲಿ ಇರುವ ವಿದ್ಯೆಯನ್ನೂ ಅದರಲ್ಲಿ ಸೇರಿಸಿತು. ಆ ವಿದ್ಯೆ ಬಲ್ಲವರನ್ನು ಜನ 'ಜೀವಂತ ರಾಷ್ಟ್ರೀಯ ನಿಧಿ' ಅಂತ ಕರೆಯುತ್ತಾರೆ. ಅವರಿಗೆ ವರ್ಷಕ್ಕೆ 20 ಲಕ್ಷ ಯೆನ್ ಸಿಗುತ್ತದೆ. ಆ ಹಣ ವಿದ್ಯೆಯನ್ನು ಬೆಳೆಸುವುದಕ್ಕೆ, ಮುಂದಿನವರನ್ನು ತಯಾರು ಮಾಡುವುದಕ್ಕೆ.

ಅಮೆರಿಕ 1982ರಲ್ಲಿ ಅದೇ ಜಾಡಿನಲ್ಲಿ ನ್ಯಾಷನಲ್ ಹೆರಿಟೇಜ್ ಫೆಲೋಶಿಪ್ ಶುರು ಮಾಡಿತು. ನಿಯಮ ಸರಳ: ವ್ಯಕ್ತಿ ಬದುಕಿರಬೇಕು. ಹಿಂದೆ ಕಡಿಮೆ ಇದ್ದ ಹಣ ಆಮೇಲೆ 25,000 ಡಾಲರ್‌ವರೆಗೆ ಏರಿತು. ಮೊದಲ ವರ್ಷವೇ ಬ್ಲೂಗ್ರಾಸ್‌ನ ಬಿಲ್ ಮನ್ರೋ ಅಂಥ ದೊಡ್ಡ ಹೆಸರಿನ ಪಕ್ಕದಲ್ಲಿ ಟಾಮಿ ಜಾರೆಲ್ ಇದ್ದರು. ಜಾರೆಲ್ ರಸ್ತೆ ಇಲಾಖೆಯ ಕೆಲಸಗಾರ. ರಿಟೈರ್ ಆದ ಮೇಲೆ ಮತ್ತೆ ಪಿಟೀಲು ಹಿಡಿದರು. ದೂರದೂರದ ಹುಡುಗರು ಅವರ ಮನೆಗೇ ಬಂದು, ಉಳಿದು, ಕಲಿತು ಹೋಗುತ್ತಿದ್ದರು. ಮಾರಾಟದ ಲೆಕ್ಕ ನೋಡುವ ಯಾವ ಹಾಲ್‌ನಲ್ಲಿ ಇವರಿಬ್ಬರು ಅಕ್ಕಪಕ್ಕ ಕೂರುತ್ತಿದ್ದರು ಹೇಳಿ?

ಕಾಟನ್ ಅವರಿಗೂ ಈ ಫೆಲೋಶಿಪ್ 1984ರಲ್ಲೇ ಸಿಕ್ಕಿತ್ತು. ಬದುಕಿದ್ದಾಗಲೇ.

ಮತ ಯಾರು ಹಾಕಬೇಕು? ಸಂಗೀತ ಉದ್ಯಮದವರಾ, ಜನರಾ?

ಉದ್ಯಮದವರು ಮಾತ್ರ ಹಾಕಿದರೆ ರೆಕಾರ್ಡ್ ಇರುವವರೇ ಗೆಲ್ಲುತ್ತಾರೆ. ರಾಕ್ ಹಾಲ್‌ನ ಮುಖ್ಯ ವಿಭಾಗಕ್ಕೆ ಮೊದಲ ರೆಕಾರ್ಡಿಂಗ್ ಹೊರಬಂದು 25 ವರ್ಷ ಆಗಿರಬೇಕು ಅಂತ ನಿಯಮ ಇದೆ. ಇದನ್ನೇ ಜನಪದಕ್ಕೆ ತಂದರೆ ಜಾನ್ ಇಂಗ್ಲೆಂಡ್ ಅರ್ಜಿ ಹಾಕಲೂ ಅರ್ಹನಲ್ಲ. ಆನ್‌ಲೈನ್‌ನಲ್ಲಿ ಎಲ್ಲರೂ ಮತ ಹಾಕಿದರೆ ಅದು ಜನಪ್ರಿಯತೆಯ ಸ್ಪರ್ಧೆ.

ಸೂಚಿಸುವ ಹಕ್ಕು ಎಲ್ಲರಿಗೂ ಇರಲಿ. ಆರಿಸುವ ಸಮಿತಿಯಲ್ಲಿ ಅದೇ ಸಂಪ್ರದಾಯದೊಳಗೆ ಬೆಳೆದ ಹಾಡುಗಾರರು ಅರ್ಧಕ್ಕಿಂತ ಹೆಚ್ಚು ಇರಲಿ. ಅವರಿಗೆ ಒಂದು ವಿಷಯ ಗೊತ್ತಿರುತ್ತದೆ: ವೇದಿಕೆಯ ಮೇಲೆ ಮಿಂಚಿದವರು ಯಾರು, ಅವರಿಗೆ ಮನೆಯಲ್ಲಿ ಹೇಳಿಕೊಟ್ಟವರು ಯಾರು.

## ಜಟಿಲ ಪ್ರಶ್ನೆಗಳು

ಸರ್ಕಾರವೇ ಆರಿಸಿ ದುಡ್ಡು ಕೊಟ್ಟರೆ ಎಲ್ಲ ಸರಿಹೋಗುತ್ತಲ್ವಾ?

ಹಣದ ಕಷ್ಟ ಸರಿಹೋಗುತ್ತದೆ. ಬೇರೆ ಕಷ್ಟ ಹುಟ್ಟುತ್ತದೆ. ದಕ್ಷಿಣ ಕೊರಿಯಾ 1962ರಲ್ಲಿ ಇದಕ್ಕೆ ಕಾನೂನು ಮಾಡಿತು. 1964ರಲ್ಲಿ ಪಾನ್ಸೊರಿಯನ್ನು ಆ ಪಟ್ಟಿಗೆ ಸೇರಿಸಿತು. ಒಬ್ಬ ಹಾಡುಗಾರ, ಒಬ್ಬ ಡೋಲಿನವನು, ಗಂಟೆಗಟ್ಟಲೆ ಹರಿಯುವ ಕಥೆ, ಅದು ಪಾನ್ಸೊರಿ. ಕಲೆಯನ್ನು ಬಲ್ಲವರನ್ನು ಗುರುತಿಸಿ, ಅವರಿಗೆ ನೆರವು ಕೊಟ್ಟು, ಮುಂದಿನವರಿಗೆ ಕಲಿಸುವ ಹೊಣೆ ಹಾಕಿದರು. ಆ ಕಲೆ ಇವತ್ತಿಗೂ ಗಟ್ಟಿಯಾಗಿ ಉಳಿದಿದ್ದರೆ ಇದರ ಪಾಲು ದೊಡ್ಡದು.

ಟೀಕೆಯೂ ಬಂತು. ಗುರುತು ಸಿಕ್ಕ ಗುರುವಿನ ಪಾಠವೇ, ಅಂದರೆ ಅವರು ಹಾಡುವ ರೂಪವೇ, ಸರಿಯಾದ ಪಾಠ ಆಗಿಬಿಡುತ್ತದೆ. ಶಿಷ್ಯರು ಅದನ್ನು ಚಾಚೂ ತಪ್ಪದೆ ಒಪ್ಪಿಸಲು ಶುರು ಮಾಡುತ್ತಾರೆ. ಹಿಂದೆ ಹಾಡುಗಾರರು ತಮ್ಮದೇ ತುಣುಕು ಸೇರಿಸಿ ಕಥೆ ಬೆಳೆಸುತ್ತಿದ್ದರು. ಬದಲಾಗುವ ಗುಣವೇ ಹೋದರೆ ಮೇಲೆ ಹೇಳಿದ ಜನಪದದ ಮೂರು ಗುಣಗಳಲ್ಲಿ ಒಂದು ಹೋದಂತೆ. ಗೌರವ ಕೊಡುವಾಗ 'ಇವರ ಪಾಠ ಒಂದು ಪಾಠ' ಅಂತ ಫಲಕದಲ್ಲೇ ಬರೆಯಬೇಕು. ಜೊತೆಗೆ ಬೇರೆ ಪಾಠಗಳ ರೆಕಾರ್ಡಿಂಗ್ ಅಲ್ಲೇ ಕೇಳಲು ಸಿಗಬೇಕು.

ಮನುಷ್ಯರನ್ನು ಬಿಟ್ಟು ಹಾಡುಗಳಿಗೇ ಹಾಲ್ ಮಾಡಿದರೆ?

ಅದು ಒಂದು ರೀತಿಯಲ್ಲಿ ಆಗಲೇ ಇದೆ, ಹಾಲ್ ಅನ್ನುವ ಬೋರ್ಡ್ ಇಲ್ಲ ಅಷ್ಟೇ. ಹತ್ತೊಂಬತ್ತನೇ ಶತಮಾನದಲ್ಲಿ ಅಮೆರಿಕದ ವಿದ್ವಾಂಸ ಫ್ರಾನ್ಸಿಸ್ ಜೇಮ್ಸ್ ಚೈಲ್ಡ್ 305 ಲಾವಣಿಗಳನ್ನು ಅವುಗಳ ಹಲವು ಪಾಠಗಳ ಜೊತೆ ಜೋಡಿಸಿದರು. ಅದರಲ್ಲಿ 'ಬಾರ್ಬರಾ ಆಲೆನ್' 84ನೆಯದು. ಆದರೆ ಚೈಲ್ಡ್ ತಮಗೆ ಹಳೆಯದು, ಒಳ್ಳೆಯದು ಅನ್ನಿಸಿದ್ದನ್ನು ಮಾತ್ರ ಆರಿಸಿದರು. ಲಂಡನ್ನಿನ ಗ್ರಂಥಪಾಲಕ ಸ್ಟೀವ್ ರೌಡ್ ಮಾಡಿದ ಸೂಚಿ ಅದಕ್ಕಿಂತ ಉದಾರ. ಇಂಗ್ಲಿಷ್‌ನ ಸಾಂಪ್ರದಾಯಿಕ ಹಾಡು ಯಾವುದೇ ಇರಲಿ, ಒಂದು ಸಂಖ್ಯೆ. 'ಬಾರ್ಬರಾ ಆಲೆನ್' ಅಲ್ಲಿ 54. ಆ ಸಂಖ್ಯೆ ಹಿಡಿದು ಹೋದರೆ ಯಾರು, ಎಲ್ಲಿ, ಯಾವಾಗ ಹಾಡಿದರು, ಯಾರು ಬರೆದುಕೊಂಡರು ಅನ್ನುವ ಸಾಲು ಸಾಲು ಹೆಸರು. ಮೇಲು ಕೀಳು ಇಲ್ಲ, ಮತದಾನ ಇಲ್ಲ, ಸಮಾರಂಭವೂ ಇಲ್ಲ. ನನ್ನ ಮಟ್ಟಿಗೆ ಜಗತ್ತಿನ ಅತ್ಯುತ್ತಮ ಜನಪದ ಹಾಲ್ ಆಫ್ ಫೇಮ್ ಅದೇ.

ಫೋಕ್‌ವೇಸ್ ರೆಕಾರ್ಡ್ಸ್ ಇನ್ನೊಂದು ಮಾದರಿ. ಮೋಸೆಸ್ ಆಶ್ 1948ರಲ್ಲಿ ಕಟ್ಟಿದ ಕಂಪನಿ. ಅವರು ತೀರಿಕೊಂಡ ಮೇಲೆ, 1987ರಲ್ಲಿ, ಅಮೆರಿಕದ ಮ್ಯೂಸಿಯಂಗಳ ಸಂಸ್ಥೆ ಸ್ಮಿತ್‌ಸೋನಿಯನ್ ಅದನ್ನು ತೆಗೆದುಕೊಂಡಿತು. ಷರತ್ತು ಒಂದೇ: ಎರಡು ಸಾವಿರಕ್ಕೂ ಮೀರಿದ ಆ ಆಲ್ಬಂಗಳಲ್ಲಿ ಒಂದೂ ಅಲಭ್ಯ ಆಗಬಾರದು. ಮಾರಾಟ ಆಗಲಿ, ಬಿಡಲಿ.

ಒಮ್ಮೆ ಒಳಗೆ ಹೋದವರನ್ನು ಹೊರಗೆ ಹಾಕಬಹುದಾ?

ಹಾಕಿದ್ದಾರೆ. ಬ್ರಾಂಕ್ಸ್‌ನ ಆ ಕಂಚಿನ ಮುಖಗಳಲ್ಲಿ ಎರಡನ್ನು, ಗುಲಾಮಗಿರಿ ಉಳಿಸಲು ಹೊರಟ ರಾಜ್ಯಗಳ ಪರವಾಗಿ ಕಾದಾಡಿದ ಇಬ್ಬರು ಸೇನಾಪತಿಗಳದ್ದನ್ನು, 2017ರಲ್ಲಿ ತೆಗೆದರು. ಅದೇ ಸಾಲಿನಲ್ಲಿ 1940ರಲ್ಲಿ ಆಯ್ಕೆಯಾದ ಸ್ಟೀಫನ್ ಫಾಸ್ಟರ್ ಕೂಡ ಇದ್ದಾನೆ. ಅವನ ಎಷ್ಟೋ ಹಾಡುಗಳು ಬಿಳಿಯರು ಮುಖಕ್ಕೆ ಕಪ್ಪು ಬಳಿದುಕೊಂಡು ಆಡುತ್ತಿದ್ದ ಮಿನ್‌ಸ್ಟ್ರೆಲ್ ಆಟಗಳಿಗೆ ಬರೆದವು. ಆಮೇಲೆ ಜನಪದ ಹಾಡು ಅಂತಲೇ ಶಾಲೆ ಶಾಲೆಗಳಲ್ಲಿ ಹಾಡಿಸಿದರು.

ತೆಗೆಯುವುದಕ್ಕಿಂತ ಪೂರ್ತಿ ಕಥೆ ಬರೆಯುವುದು ಒಳ್ಳೆಯದು ಅಂತ ನನಗನ್ನಿಸುತ್ತದೆ. ಆದರೆ ಕಂಚಿನ ಮುಖದ ಕೆಳಗೆ ಅಷ್ಟು ಬರೆಯಲು ಜಾಗ ಇರುವುದಿಲ್ಲ, ಅದೇ ತೊಂದರೆ.

ನಮ್ಮ ಹತ್ತಿರ ಸ್ವಲ್ಪ ದುಡ್ಡಿದೆ ಅಂತಿಟ್ಟುಕೊಳ್ಳಿ. ಕಟ್ಟಡ ಕಟ್ಟೋದಾ?

ಮೊದಲು ಅಮೆರಿಕದ ನ್ಯೂಪೋರ್ಟ್ ಊರು ಏನು ಮಾಡಿತು ನೋಡಿ. 1963ರಲ್ಲಿ ನ್ಯೂಪೋರ್ಟ್ ಜನಪದ ಉತ್ಸವವನ್ನು ಲಾಭ ಬೇಡದ ಸಂಸ್ಥೆಯಾಗಿ ಹೊಸದಾಗಿ ಕಟ್ಟಿದರು. ಎಷ್ಟೇ ದೊಡ್ಡ ತಾರೆಯಾದರೂ, ಯಾರೂ ಕೇಳದ ಹಳ್ಳಿ ಹಾಡುಗಾರನಾದರೂ ಸಂಭಾವನೆ ಒಂದೇ, 50 ಡಾಲರ್. ಪ್ರಯಾಣ, ವಸತಿ ಬೇರೆ. ತಾರೆಯರಿಂದ ಟಿಕೆಟ್ ಮಾರಾಟವಾಯಿತು. ಉಳಿದ ಹಣದಲ್ಲಿ ರಾಲ್ಫ್ ರಿಂಜ್ಲರ್ ಅಂಥವರನ್ನು ಹಳ್ಳಿಗಳಿಗೆ ಕಳಿಸಿದರು, ಹಾಡುಗಾರರನ್ನು ಹುಡುಕಿ ಬನ್ನಿ ಅಂತ.

ರಿಂಜ್ಲರ್ ಲೂಸಿಯಾನಾಗೆ ಹೋದರು. ಅಲ್ಲಿ ಫ್ರೆಂಚ್ ಮಾತಾಡುವ ಕೇಜನ್ ಜನರ ಸಂಗೀತವನ್ನು ಆಗ ಊರವರೇ ಹಳೇ ಗೋಳು ಅಂತ ನಗುತ್ತಿದ್ದರು. 1964ರಲ್ಲಿ ನ್ಯೂಪೋರ್ಟ್‌ಗೆ ಹೋದ ಕೇಜನ್ ತಂಡದಲ್ಲಿ ಡ್ಯೂಯಿ ಬಾಲ್ಫಾ ಇದ್ದರು. ಅಲ್ಲಿ ಸಾವಿರಾರು ಜನ ಎದ್ದು ನಿಂತು ಚಪ್ಪಾಳೆ ತಟ್ಟಿದರು. ಬಾಲ್ಫಾ ಊರಿಗೆ ಹಿಂತಿರುಗಿ ಅದೇ ಚಪ್ಪಾಳೆಯನ್ನು ಅಲ್ಲೂ ಕೇಳಿಸಬೇಕು ಅಂತ ಪಟ್ಟು ಹಿಡಿದರು. ತಮ್ಮ ಅಣ್ಣ ತಮ್ಮಂದಿರ ಜೊತೆ ನುಡಿಸಿದರು, ಶಾಲೆಗಳಿಗೆ ಹೋಗಿ ಮಕ್ಕಳ ಮುಂದೆ ಪಿಟೀಲು ಹಿಡಿದು ಕೂತರು. 1982ರ ಮೊದಲ ಹೆರಿಟೇಜ್ ಫೆಲೋಗಳಲ್ಲಿ ಅವರೂ ಒಬ್ಬರು.

ಹಾಗಾಗಿ ಮೊದಲ ಖರ್ಚು ಹುಡುಕಿಕೊಂಡು ಹೋಗುವವರ ಬಸ್ ಚಾರ್ಜಿಗೆ. ಎರಡನೆಯದು ಹಾಳಾಗುತ್ತಿರುವ ಹಳೆಯ ಟೇಪುಗಳನ್ನು ಡಿಜಿಟಲ್ ಮಾಡುವುದಕ್ಕೆ. ಟೇಪು ಕಾಯುವುದಿಲ್ಲ. ಮೂರನೆಯದು ಕಲಿಸುವ ಹಿರಿಯರಿಗೆ ತಿಂಗಳ ಸಂಬಳ. ಇಷ್ಟಾದ ಮೇಲೂ ಹಣ ಉಳಿದರೆ ಕಟ್ಟಡದ ನಕ್ಷೆ ತೆಗೆಯಿರಿ, ಅಲ್ಲಿ ಹಾಡು ಕಲಿಯುವ ಒಂದು ಕೋಣೆ ಇರುವ ಹಾಗೆ ನೋಡಿಕೊಳ್ಳಿ.